ಎರಡನೆಯ ನೋಟ: ಮನೆಯೊಳಗಿನ ನಾಟಕ ಮತ್ತು ರಸದ ಪ್ರಶ್ನೆ

ಭಾರತೀಯ ಕಾವ್ಯಮೀಮಾಂಸೆ ನಾಟಕವನ್ನು ದೃಶ್ಯಕಾವ್ಯವೆಂದು, ಎಂದರೆ ಕಣ್ಣಿಗೆ ಕಾಣಿಸಿಕೊಂಡು ಆಸ್ವಾದಕ್ಕೆ ಒದಗುವ ಕಾವ್ಯವೆಂದು ಕರೆಯಿತು. ಓಲೆಗರಿಯಲ್ಲಿದ್ದ ಕಾವ್ಯವನ್ನು ಯಾವಾಗ ಬೇಕಾದರೂ ಬಿಚ್ಚಿ ಓದಬಹುದಿತ್ತು. ದೃಶ್ಯಕಾವ್ಯಕ್ಕೆ ಮಾತ್ರ ಒಂದು ಹೊತ್ತು, ಒಂದು ಜಾಗ ಬೇಕಾಗಿತ್ತು, ಮತ್ತು ನಟನೂ ಪ್ರೇಕ್ಷಕನೂ ಆ ಹೊತ್ತಿಗೆ ಆ ಜಾಗದಲ್ಲಿ ಒಟ್ಟಿಗೆ ಇರಬೇಕಾಗಿತ್ತು. ಮೊದಲು ವಿಡಿಯೊ ಕ್ಯಾಸೆಟ್ಟು, ಆಮೇಲೆ ಸಿ.ಡಿ., ಈಗ ಅಂಗೈಯಲ್ಲಿನ ಮೊಬೈಲು ಈ ಕಟ್ಟನ್ನು ಬಿಚ್ಚಿಹಾಕಿವೆ. ಹಳೆಯ ಧಾರಾವಾಹಿಯೊಂದನ್ನು ಮನೆಯಲ್ಲಿ ಕುಳಿತು, ಬೇಕೆಂದಾಗ ಹಾಕಿ, ಬೇಡವೆಂದಾಗ ನಿಲ್ಲಿಸಿ, ನಾಳೆ ಮತ್ತೆ ಮೊದಲಿನಿಂದ ನೋಡಬಹುದಾದ ಕಾಲದಲ್ಲಿ, 'ಇದು ನೋಡತಕ್ಕದ್ದು' ಎಂಬ ಮಾತಿನ ಅರ್ಥವೇ ಬೇರೆಯಾಗುತ್ತದೆ. ಅದು ಒಮ್ಮೆ ನೋಡಿದರೆ ಸಾಲದು, ಇನ್ನೊಮ್ಮೆ ನೋಡಬೇಕು ಎಂಬ ಮಾತಾಗುತ್ತದೆ. ಕಥೆ ಮೊದಲೇ ಗೊತ್ತಿರುವಾಗ ಎರಡನೆಯ ನೋಟದಲ್ಲಿ ಮನಸ್ಸಿಗೆ ಸಿಗುವುದೇನು ಎಂಬುದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. ಅದು ರಸವೆಂದರೇನು, ದರ್ಶನವೆಂದರೇನು ಎಂಬ ಹಳೆಯ ಜಿಜ್ಞಾಸೆಯ ಹೊಸ ರೂಪ.

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಮಗ್ಗೆ ಮತ್ತು ಅದರ ಸುತ್ತಿನ ಊರುಗಳನ್ನು ಕಣ್ಣ ಮುಂದಿಟ್ಟುಕೊಂಡರೆ ಈ ಪ್ರಶ್ನೆಗೆ ಮೈ ಬರುತ್ತದೆ. ಬಯಲುಸೀಮೆ ಮುಗಿದು ಮಲೆನಾಡು ತೊಡಗುವ, ಗದ್ದೆ ಬಯಲಿನ ಮಗ್ಗುಲಿಗೇ ಕಾಫಿ ತೋಟದ ಗುಡ್ಡ ಏರುವ ಈ ಸೀಮೆಯಲ್ಲಿ ವರ್ಷದ ನಾಲ್ಕು ತಿಂಗಳು ಮಳೆಯದೇ ಕಾರುಬಾರು. ಬಯಲಾಟ, ಹರಿಕಥೆ, ಕಂಪನಿ ನಾಟಕ ಯಾವುದೇ ಇದ್ದರೂ ಅದು ಸುಗ್ಗಿಯ ನಂತರ, ಜಾತ್ರೆಯ ದಿನಗಳಲ್ಲಿ ನಡೆಯಬೇಕು. ಮುಂಗಾರು ಹಿಡಿದ ಮೇಲೆ ಊರು ಮನೆಯೊಳಗೆ ಸೇರಿಕೊಳ್ಳುತ್ತದೆ. ಇತ್ತೀಚಿನ ದಶಕಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿದೆ. ಆಲೂರು–ಸಕಲೇಶಪುರ ಭಾಗದ ಆನೆ ಹಾವಳಿ ಎಷ್ಟು ತೀವ್ರವಾಯಿತೆಂದರೆ ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಇಲ್ಲಿನ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಬೇಕೆಂದು ಸೂಚಿಸಬೇಕಾಯಿತು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದು ಪಕ್ಕದೂರಿನ ಆಟಕ್ಕೆ ಹೋಗುವುದು ಜೀವಕ್ಕೆ ಸಂಚಕಾರ ತಂದುಕೊಳ್ಳುವ ಕೆಲಸವಾಗಿರುವ ಊರುಗಳಲ್ಲಿ ಮನೆಯೊಳಗಿನ ಪರದೆಯನ್ನು ಸೋಮಾರಿಯ ಆಯ್ಕೆ ಎನ್ನಲಾಗದು.

ಆ ಪರದೆ ಗುಡ್ಡಗಾಡಿಗೆ ಬಂದದ್ದೂ ಸುಲಭದಲ್ಲಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ತೊಡಗಿದರೂ ಗುಡ್ಡಗಳ ಮರೆಯ ಊರುಗಳಿಗೆ ಚಿತ್ರ ಸರಿಯಾಗಿ ತಲುಪುತ್ತಿರಲಿಲ್ಲ. ಬಿದಿರಿನ ಗಳುವಿಗೋ ಕಬ್ಬಿಣದ ಪೈಪಿಗೋ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಹೊರಗೆ ನಿಂತು ಅದನ್ನು ತಿರುಗಿಸುತ್ತ, ಇನ್ನೊಬ್ಬರು ಒಳಗಿನಿಂದ 'ಬಂತು, ಹೋಯ್ತು' ಎಂದು ಕೂಗುತ್ತ ನೋಡಬೇಕಿತ್ತು. ಅಂಥಲ್ಲಿ ಬಾಡಿಗೆಗೆ ತಂದ ವಿ.ಸಿ.ಪಿ., ಎಂದರೆ ವಿಡಿಯೊ ಕ್ಯಾಸೆಟ್ ಪ್ಲೇಯರ್, ಮತ್ತು ಕ್ಯಾಸೆಟ್ಟುಗಳು ಬೇಗ ನೆಲೆಯೂರಿದ್ದಕ್ಕೆ ಇದೂ ಒಂದು ಕಾರಣ: ಕ್ಯಾಸೆಟ್ಟಿಗೆ ಗುಡ್ಡ ಅಡ್ಡ ಬರುವುದಿಲ್ಲ, ಕರೆಂಟು ಒಂದಿದ್ದರೆ ಸಾಕು.

ಇಲ್ಲಿ ಭರತನ ನಾಟ್ಯಶಾಸ್ತ್ರ ಹೇಳುವ ನಾಟ್ಯೋತ್ಪತ್ತಿಯ ಕಥೆಯನ್ನು ನೆನೆಯಬೇಕು. ಕಣ್ಣಿಗೂ ಕಿವಿಗೂ ಒದಗುವ ಒಂದು ಕ್ರೀಡನೀಯಕ, ಎಂದರೆ ಆಟಿಕೆಯಂಥದು, ತಮಗೆ ಬೇಕೆಂದು ದೇವತೆಗಳು ಬ್ರಹ್ಮನನ್ನು ಕೇಳಿಕೊಂಡರು. ಅವನು ನಾಲ್ಕು ವೇದಗಳಿಂದ ಸಾರ ತೆಗೆದು ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವಾಗಿ ನಾಟ್ಯವನ್ನು ಸೃಷ್ಟಿಸಿದನು. ಇಂದ್ರಧ್ವಜದ ಉತ್ಸವದಲ್ಲಿ ಮೊದಲ ಪ್ರಯೋಗ ನಡೆದಾಗ, ಅದು ತಮ್ಮ ಸೋಲಿನ ಕಥೆಯೆಂದು ಸಿಟ್ಟಾದ ಅಸುರರು ವಿಘ್ನಗಳ ಜೊತೆ ಸೇರಿ ನಟರ ಮಾತು, ಚಲನೆ, ನೆನಪುಗಳನ್ನೇ ಸ್ತಂಭಿಸಿಬಿಟ್ಟರು. ಆಮೇಲೆ ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು, ದಿಕ್ಕುದಿಕ್ಕಿಗೆ ದೇವತೆಗಳು ಕಾವಲು ನಿಂತರು. ಕಥೆಯ ತಾತ್ಪರ್ಯ ಸ್ಪಷ್ಟವಾಗಿದೆ: ರಂಗಮಂದಿರದ ಗೋಡೆ ಎದ್ದದ್ದು ಅಲಂಕಾರಕ್ಕಲ್ಲ, ವಿಘ್ನವನ್ನು ಹೊರಗಿಡುವುದಕ್ಕೆ. ಹಾಗಾದರೆ ನಡುಮನೆಯಲ್ಲಿ ಟಿ.ವಿ. ಇಟ್ಟು ನಾಟಕ ನೋಡುವವರಿಗೆ ಕಾವಲು ಯಾರು?

ಕಾಶ್ಮೀರದ ಅಭಿನವಗುಪ್ತ ಸುಮಾರು ಸಾವಿರ ವರ್ಷಗಳ ಹಿಂದೆ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾಸ್ವಾದಕ್ಕೆ ಒದಗುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ರಸವೆಂದರೆ ರಂಗದ ಮೇಲಿನ ಪಾತ್ರದ ದುಃಖ, ಸಂತೋಷ, ಭಯಗಳು ಯಾರೊಬ್ಬರ ಸ್ವಂತದ್ದೂ ಆಗಿರದೆ ಎಲ್ಲರದೂ ಆಗಿ ಅನುಭವಕ್ಕೆ ಬರುವ ಸ್ಥಿತಿ. ಹೀಗೆ ಸ್ವಂತದ ಗುರುತು ಕಳಚಿ ಎಲ್ಲರದಾಗುವ ಕ್ರಿಯೆಗೆ ಸಾಧಾರಣೀಕರಣವೆಂದು ಹೆಸರು. ಏಳು ವಿಘ್ನಗಳಲ್ಲಿ ಒಂದು, ನೋಡುವವನು ತನ್ನದೇ ಸುಖದುಃಖಗಳ ವಶನಾಗಿರುವುದು. ಮಗಳ ಮದುವೆಯ ಚಿಂತೆ, ಬ್ಯಾಂಕಿನ ಸಾಲ, ಮಳೆಗೆ ಉದುರಿದ ಕಾಫಿಕಾಯಿ ಇವೆಲ್ಲ ತಲೆಯಲ್ಲಿ ತುಂಬಿದ್ದರೆ ಇನ್ನೊಬ್ಬರ ಕಥೆಗೆ ಮನಸ್ಸಿನಲ್ಲಿ ಜಾಗವೆಲ್ಲಿ? ರಂಗಮಂದಿರದಲ್ಲಿ ಗಾನ, ವಾದ್ಯ ಮೊದಲಾದವೆಲ್ಲ ಸೇರಿ ಪ್ರೇಕ್ಷಕನನ್ನು ಅವನ ಮನೆಯಿಂದ ಬಿಡಿಸಿ ತರುತ್ತವೆ ಎಂಬುದು ಅಭಿನವಗುಪ್ತನ ಸಮಾಧಾನ. ಮನೆಯಲ್ಲಿ ನೋಡುವವರಿಗೆ ಈ ಬಿಡುಗಡೆ ಇಲ್ಲ. ನಾಟಕವೇ ದುಃಖವಿರುವ ಮನೆಗೆ ನಡೆದು ಬಂದಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಕೋಣೆಯಲ್ಲಿ ಮುದುಕರು ಕೆಮ್ಮುತ್ತಿದ್ದಾರೆ, ಬಾಗಿಲಲ್ಲಿ ಯಾರೋ ಕರೆಯುತ್ತಿದ್ದಾರೆ.

ದಿನದಿನದ ಧಾರಾವಾಹಿ ಈ ವಿಘ್ನವನ್ನು ಗೆಲ್ಲಲು ಕಂಡುಕೊಂಡ ಉಪಾಯ ಕುತೂಹಲ. ಮುಂದೇನಾಯಿತೆಂಬ ಪ್ರಶ್ನೆಯನ್ನು ಬಾಕಿ ಉಳಿಸಿ ಕಂತನ್ನು ಮುಗಿಸಿದರೆ ಪ್ರೇಕ್ಷಕರು ನಾಳೆಯೂ ಅದೇ ಹೊತ್ತಿಗೆ ಬಂದು ಕುಳಿತುಕೊಳ್ಳುತ್ತಾರೆ. ಟಿ.ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಂದಿಗೆ ಸೇರಿ 1990ರ ದಶಕದ ಕೊನೆಯಲ್ಲಿ ದೂರದರ್ಶನಕ್ಕೆ ಮಾಡಿದ ಧಾರಾವಾಹಿಗೆ 'ಮಾಯಾಮೃಗ' ಎಂದು ಹೆಸರಿಟ್ಟದ್ದು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ. ರಾಮಾಯಣದ ಮಾಯಾಮೃಗ ಕೈಗೆ ಸಿಕ್ಕಂತೆ ತೋರಿ ಮುಂದೆ ಮುಂದೆ ಓಡುತ್ತದೆ. ಆಸೆಯ ಬೆನ್ನು ಹತ್ತಿದ ಮಧ್ಯಮವರ್ಗದ ಸಂಸಾರಗಳಿಗೆ ಅದು ಒಪ್ಪುವ ರೂಪಕ, ಜೊತೆಗೆ ಧಾರಾವಾಹಿ ಎಂಬ ಪ್ರಕಾರಕ್ಕೂ ಒಪ್ಪುವ ರೂಪಕ. ಆದರೆ ಆ ಧಾರಾವಾಹಿಯನ್ನು ಕನ್ನಡಿಗರು ವರ್ಷಗಳು ಕಳೆದ ಮೇಲೂ ಹುಡುಕಿ ನೋಡುತ್ತಿದ್ದಾರೆಂಬುದು ಯೋಚಿಸಬೇಕಾದ ಸಂಗತಿ. ಓಟ ಮುಗಿದು ಮೃಗದ ಗುಟ್ಟು ಬಯಲಾದ ಮೇಲೂ ಅದರ ಹಿಂದೆ ಹೋಗುವವರಿದ್ದಾರೆಂದರೆ ಅವರನ್ನು ಎಳೆಯುತ್ತಿರುವುದು ಕುತೂಹಲವಲ್ಲ, ಬೇರೆ ಏನೋ.

ಆ ಬೇರೆಯದು ಈ ನಾಡಿಗೆ ಹೊಸದಲ್ಲ. ಬಯಲಾಟದ ಪ್ರೇಕ್ಷಕರಲ್ಲಿ ಕರ್ಣ ಸಾಯುತ್ತಾನೋ ಉಳಿಯುತ್ತಾನೋ ಎಂದು ತಿಳಿಯದವರು ಯಾರಿದ್ದರು? ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ಜೈಮಿನಿಭಾರತವನ್ನೋ ಕುಮಾರವ್ಯಾಸನ ಭಾರತವನ್ನೋ ಗಮಕಿಗಳು, ಎಂದರೆ ಕಾವ್ಯವನ್ನು ರಾಗದಲ್ಲಿ ಓದಿ ಹೇಳುವವರು, ವಾಚಿಸುವಾಗ ಕೇಳುಗರಿಗೆ ಕಥೆ ಮಾತ್ರವಲ್ಲ, ಎಷ್ಟೋ ಪದ್ಯಗಳೇ ಬಾಯಿಗೆ ಬರುತ್ತಿದ್ದವು. ವೇದಾಂತವೂ ಇದನ್ನೇ ಸಾಧನೆಯಾಗಿ ಕಂಡಿತು; ಕೇಳಿದ್ದನ್ನು ಮತ್ತೆ ಮತ್ತೆ ಕೇಳಿ ನೆನೆಯುವುದಕ್ಕೆ ಆವೃತ್ತಿಯೆಂದು ಹೆಸರಿಟ್ಟಿತು, ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ಆರಂಭವಾಗುವುದೇ ಆವೃತ್ತಿಯ ವಿಚಾರದಿಂದ. ಮೊದಲ ಸಲ ಕೇಳಿದಾಗ ಮನಸ್ಸಿಗೆ ಹಿಡಿಯುವುದು ವಿಷಯ. ಮತ್ತೆ ಕೇಳುವಾಗ ಆ ವಿಷಯದ ಎದುರು ಕೇಳುಗ ಎಲ್ಲಿ ನಿಂತಿದ್ದಾನೆಂಬುದು ಗೋಚರಿಸತೊಡಗುತ್ತದೆ.

ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಇದಕ್ಕೆ ಕನ್ನಡನಾಡಿನ ಅತ್ಯುತ್ತಮ ನಿದರ್ಶನ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳು, 1980ರ ದಶಕದ ಉತ್ತರಾರ್ಧದಲ್ಲಿ ಪ್ರಸಾರವಾದ ಬಹುಪಾಲು ಹಿಂದಿಯ ಧಾರಾವಾಹಿ, ಆದರೆ ನೆಲ ಆಗುಂಬೆಯದು, ನಟರಲ್ಲಿ ಹೆಚ್ಚಿನವರು ಕನ್ನಡ ರಂಗಭೂಮಿಯವರು. ಮಲೆನಾಡಿನ ಮನೆಗಳ ಜಗುಲಿ, ಕಂಬ, ಹೆಂಚಿನ ಮಾಡು, ಅಂಗಳದ ಮಳೆನೀರು ಇವನ್ನು ಮಗ್ಗೆಯ ಕಡೆಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆ ಕಥೆಗಳಲ್ಲಿ ತಲುಪದೆ ಹೋದ ಕಾಗದದ ಕಥೆಯೊಂದಿದೆ. ಅಂಚೆಯವ ತಾನಪ್ಪ ಊರಿನ ಎಲ್ಲ ಮನೆಗಳ ಸುಖದುಃಖವನ್ನೂ ಬಲ್ಲವನು, ಕಾಗದ ಕೊಟ್ಟು ಹೋಗುವುದಷ್ಟೇ ತನ್ನ ಕೆಲಸವೆಂದು ತಿಳಿಯದವನು. ರಾಮಾನುಜಂ ಎಂಬುವರ ಮಗಳಿಗೆ ಗಂಡು ಸಿಗದೆ ಒದ್ದಾಡುವಾಗ ಅವನೇ ಸಂಬಂಧ ಸೂಚಿಸುತ್ತಾನೆ, ಧೈರ್ಯ ತುಂಬುತ್ತಾನೆ, ಮದುವೆ ಗೊತ್ತಾಗುತ್ತದೆ. ಆ ಮುಹೂರ್ತ ತಪ್ಪಿದರೆ ಮದುವೆಯೇ ತಪ್ಪುವ ಸ್ಥಿತಿ. ಅಷ್ಟರಲ್ಲಿ ಆ ಮನೆಯ ಹಿರಿಯರೊಬ್ಬರು ದೂರದ ಊರಿನಲ್ಲಿ ಕಾಯಿಲೆ ಬಿದ್ದ ಸುದ್ದಿಯ ಕಾಗದ, ಅದರ ಬೆನ್ನಿಗೇ ಸಾವಿನ ತಂತಿ ಬರುತ್ತವೆ. ತಾನಪ್ಪ ಅವನ್ನು ಕೊಡದೆ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಮದುವೆ ಸುಸೂತ್ರವಾಗಿ ಮುಗಿದ ಮೇಲೆ ತಂದು ಮುಂದಿಟ್ಟು, ದೂರು ಕೊಟ್ಟರೆ ಕೆಲಸ ಹೋಗಲಿ ಎಂದು ನಿಲ್ಲುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಎಂಬ ನೋವನ್ನು ಮರೆಮಾಚುವುದೂ ಇಲ್ಲ.

ಮೊದಲ ಸಲ ನೋಡುವವರಿಗೆ ಇದು ಮದುವೆ ನಡೆಯುವುದೋ ಇಲ್ಲವೋ ಎಂಬ ಕಥೆ. ಎರಡನೆಯ ಸಲ ನೋಡುವವರಿಗೆ ಅದು ತಾನಪ್ಪನ ಮುಖದ ಕಥೆಯಾಗುತ್ತದೆ. ಮನೆಯವರು ಅವನನ್ನು ಕೊಂಡಾಡುವಾಗ, ಉಪಚಾರ ಮಾಡುವಾಗ ಅವನಲ್ಲಿ ಇರುವ ಕಾಗದವನ್ನು ಪ್ರೇಕ್ಷಕನೂ ಹೊತ್ತುಕೊಂಡು ಕುಳಿತಿರುತ್ತಾನೆ. ಮನೆ ತುಂಬ ನಗೆ, ಆ ನಗೆಯ ಅಡಿಯಲ್ಲಿ ಒಂದು ಸಾವು. ಸತ್ಯವನ್ನು ತಡೆಹಿಡಿಯುವುದು ಕರುಣೆಯೇ, ಅಥವಾ ಇನ್ನೊಬ್ಬರು ಅಳಬೇಕಾದ ಹಕ್ಕನ್ನೇ ಕಸಿಯುವ ಅಪರಾಧವೇ? ಸೂತಕ, ಎಂದರೆ ಸಾವಿನ ಸುದ್ದಿ ತಿಳಿದವರ ಮೇಲೆ ಬೀಳುವ ಆಚರಣೆಯ ಬಂಧ, ತಿಳಿಯದಿದ್ದವರನ್ನು ಮುಟ್ಟುತ್ತದೆಯೇ ಎಂದು ಧರ್ಮಶಾಸ್ತ್ರಗಳು ಸೂಕ್ಷ್ಮವಾಗಿ ಚರ್ಚಿಸಿವೆ. ಮಲೆನಾಡಿನ ಮನೆಗಳಲ್ಲಿ ಮದುವೆಯ ಮುನ್ನಾದಿನ ಇಂಥ ಸುದ್ದಿಯನ್ನು ಅದುಮಿಟ್ಟ ಹಿರಿಯರು ಪ್ರತಿ ತಲೆಮಾರಿನಲ್ಲೂ ಇದ್ದಾರು. ಕುತೂಹಲವಿದ್ದಷ್ಟು ಹೊತ್ತು ಈ ಪ್ರಶ್ನೆ ಕೇಳಿಸುವುದಿಲ್ಲ. ಅದು ತೀರಿದ ಮೇಲೆ ಕೇಳಿಸುತ್ತದೆ, ಮತ್ತು ನೋಡುವವನ ವಯಸ್ಸು ಏರಿದಂತೆ ಉತ್ತರ ಬದಲಾಗುತ್ತ ಹೋಗುತ್ತದೆ. ಮನೆಯಲ್ಲಿ ಇಟ್ಟುಕೊಂಡು ನೋಡತಕ್ಕ ನಾಟಕ ಯಾವುದೆಂಬ ಪ್ರಶ್ನೆಗೆ ಈ ಒಂದು ಕಂತು ಕೊಡುವಷ್ಟು ಸ್ಪಷ್ಟವಾದ ಉತ್ತರವನ್ನು ಯಾವ ಲಕ್ಷಣಗ್ರಂಥವೂ ಕೊಡಲಾರದು.

ಹಾಸ್ಯದ ವಿಷಯದಲ್ಲಿ ಪರೀಕ್ಷೆ ಇನ್ನೂ ಕಠಿಣ. ಭರತನು ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ: ತುಟಿ ಮಾತ್ರ ಅರಳುವ ಸ್ಮಿತದಿಂದ ಮೊದಲಾಗಿ ಹಸಿತ, ವಿಹಸಿತ, ಉಪಹಸಿತ, ಅಪಹಸಿತಗಳನ್ನು ದಾಟಿ ಕಣ್ಣಲ್ಲಿ ನೀರು ಬರಿಸಿ ಮೈ ಕುಲುಕಿಸುವ ಅತಿಹಸಿತದವರೆಗೆ. ಅವನ ಕಾಲದ ಶ್ರೇಣಿಯಂತೆ ಇವನ್ನು ಉತ್ತಮ, ಮಧ್ಯಮ, ಅಧಮ ಪ್ರಕೃತಿಯವರಿಗೆ ಹಂಚಲಾಗಿದೆ. ಆ ಹಂಚಿಕೆಯನ್ನು ಇಂದು ಒಪ್ಪಬೇಕಾಗಿಲ್ಲ, ಗದ್ದೆಯಲ್ಲಿ ನಾಟಿ ಮಾಡುವವರ ಬಿಚ್ಚುನಗೆ ಯಾವ ಸ್ಮಿತಕ್ಕೂ ಕಡಿಮೆಯದಲ್ಲ. ಆದರೂ ಮರುನೋಟಕ್ಕೆ ಈ ವಿಂಗಡಣೆ ಬೇರೊಂದು ರೀತಿಯಲ್ಲಿ ಉಪಯುಕ್ತ. ದೊಡ್ಡ ನಗೆ ಅನಿರೀಕ್ಷಿತದಿಂದ ಹುಟ್ಟುತ್ತದೆ, ಎರಡನೆಯ ಸಲ ಅದು ಅನಿರೀಕ್ಷಿತವಾಗಿ ಉಳಿಯುವುದಿಲ್ಲ. ಸ್ಮಿತ ಹುಟ್ಟುವುದು ಗುರುತಿನಿಂದ, ಅದು ಸವೆಯುವುದಿಲ್ಲ. ಈಟಿವಿ ಕನ್ನಡದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'ಗಳು ಕನ್ನಡದ ಮನೆಗಳನ್ನು ವರ್ಷಗಟ್ಟಲೆ ನಗಿಸಿದವು, ದಣಿದು ಬಂದವರಿಗೆ ಅರ್ಧ ಗಂಟೆ ಹಗುರ ಕೊಟ್ಟವು. ಆ ಉಪಕಾರ ಸಣ್ಣದಲ್ಲ. ಆದರೆ ಹೆಂಡತಿಯ ಕೈಯಲ್ಲಿ ಪಾಂಡು ತಿನ್ನುವ ಏಟಿಗೆ ಮತ್ತೆ ಮತ್ತೆ ನಗುವುದು ಕಷ್ಟ, ಆ ಜೋಡಿಯ ನಡುವೆ ಜಗಳದ ಆಚೆಗೆ ಉಳಿದಿರುವ ಸಲಿಗೆಗೆ ನಗುವುದು ಸುಲಭ.

ಸ್ವಾಮಿ ಎಂಬ ಹುಡುಗ ಅಪ್ಪನ ಒತ್ತಾಯಕ್ಕೆ ಕಟ್ಟುಬಿದ್ದು ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಿ, ಹೆದರಿಕೆಯಿಂದಲೇ ಕಳ್ಳನ ಕಾಲನ್ನು ಕಚ್ಚಿ ಹಿಡಿದು ಊರಿಗೆ ವೀರನಾಗುವ 'ಮಾಲ್ಗುಡಿ'ಯ ಕಥೆಯಲ್ಲಿ ಇಂಥ ಸ್ಮಿತ ತುಂಬಿದೆ. ಧೈರ್ಯ ಮತ್ತು ಭಯ ಒಂದೇ ಹಲ್ಲಿನ ಕಚ್ಚುವಿಕೆಯಲ್ಲಿ ಕೂಡಿರುವುದನ್ನು ಕಂಡಾಗ ನೋಡುವವರು ಹುಡುಗನನ್ನು ನೋಡಿ ನಗುವುದಿಲ್ಲ, ಹುಡುಗನ ಜೊತೆ ನಗುತ್ತಾರೆ. ಇದೇ ಹಾಸನ ಜಿಲ್ಲೆಯ ಹೇಮಾವತಿ ನದಿಯ ದಡದಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಹಳ್ಳಿಯ ಬರಹಗಳ ನಗೆಯೂ ಈ ಜಾತಿಯದು; ಹಾಸನದ ಕಡೆಯ ಓದುಗರು ಅವನ್ನು ಹತ್ತು ಸಲ ಓದಿಯೂ ನಗುವುದು ಅಲ್ಲಿ ಯಾರೂ ಕೀಳಾಗದೆ ಇರುವುದರಿಂದ.

ಕರುಣರಸಕ್ಕೆ ಬಂದಾಗ ಮನೆಯೆಂಬ ರಂಗಮಂದಿರದ ತೊಡಕು ಪೂರ್ತಿಯಾಗಿ ಎದುರಾಗುತ್ತದೆ. ಗಿರೀಶ ಕಾಸರವಳ್ಳಿ ಅವರು ಈಟಿವಿ ಕನ್ನಡಕ್ಕಾಗಿ ಧಾರಾವಾಹಿಯಾಗಿಸಿದ 'ಗೃಹಭಂಗ' ಹಾಸನ ಜಿಲ್ಲೆಯವರೇ ಬರೆದ ಕಥೆ. 1970ರಲ್ಲಿ ಆ ಕಾದಂಬರಿಯನ್ನು ಪ್ರಕಟಿಸಿದ ಎಸ್.ಎಲ್. ಭೈರಪ್ಪ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ನಂಜಮ್ಮನೆಂಬ ತಾಯಿ ಹೊಣೆಗೇಡಿ ಗಂಡನನ್ನೂ ಬಾಯಿಬಡುಕಿ ಅತ್ತೆಯನ್ನೂ ಕಟ್ಟಿಕೊಂಡು, ಶಾನುಭೋಗಿಕೆಯ ಲೆಕ್ಕ ತಾನೇ ಬರೆದು ಮನೆ ನಿಲ್ಲಿಸುತ್ತಿರುವಾಗ ಪ್ಲೇಗು ಬಂದು ಅವಳ ಬೆಳೆದ ಮಕ್ಕಳನ್ನು ಕೊಂಡೊಯ್ಯುತ್ತದೆ. ಇದನ್ನು ಮನೆಯಲ್ಲಿ ಕುಳಿತು, ಅದೂ ಎರಡನೆಯ ಸಲ ನೋಡುವುದೆಂದರೇನು? ಸಾವು ಕಂಡ ಮನೆಯಲ್ಲಿ ನಂಜಮ್ಮನ ಅಳು ರಸವಾಗದೆ ಬರಿಯ ಶೋಕವಾಗಿಯೇ ಉಳಿಯಬಹುದು, ಅಭಿನವಗುಪ್ತ ಎಚ್ಚರಿಸಿದ ವಿಘ್ನ ಇದೇ. ಆದರೆ ಇನ್ನೊಂದು ಸಾಧ್ಯತೆಯನ್ನು ಅವನ ಕಾಲದ ರಂಗಮಂದಿರ ಊಹಿಸಲಾರದಾಗಿತ್ತು. ಸ್ವಂತದ ನೋವನ್ನು ಮನೆಯಲ್ಲೇ ಬಿಟ್ಟು ಬಂದ ಪ್ರೇಕ್ಷಕನಿಗೆ ನಾಟಕ ಮುಗಿದ ಮೇಲೆ ಆ ನೋವು ಬಾಗಿಲಲ್ಲೇ ಕಾದಿರುತ್ತದೆ. ನೋವಿನ ಪಕ್ಕದಲ್ಲೇ ಕುಳಿತು ನೋಡುವವನಿಗೆ ಆ ನೋವೂ ಮೆಲ್ಲಗೆ ಸಾಧಾರಣೀಕರಣಗೊಳ್ಳಬಹುದು, ತನ್ನೊಬ್ಬನ ಮನೆಯದಲ್ಲ, ಮನೆಯೆಂಬ ಮನೆಗೆಲ್ಲ ಬಂದು ಹೋದದ್ದು ಎಂದು ತಿಳಿಯಬಹುದು. ಕಿಸಾಗೋತಮಿಗೆ ಬುದ್ಧನು ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದ ಕಥೆಯಲ್ಲಿ ನಡೆಯುವುದೂ ಇದೇ. ಮನೆ ಮನೆ ಅಲೆದು ಅವಳು ಕಂಡದ್ದನ್ನು ಪರದೆ ಮನೆಯೊಳಕ್ಕೆ ತರುತ್ತದೆ. ಭೈರಪ್ಪನವರು ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದು 'ಸತ್ಯ ಮತ್ತು ಸೌಂದರ್ಯ'ವೆಂಬ ಸಂಶೋಧನ ಪ್ರಬಂಧವನ್ನೇ ಬರೆದವರು. ಅವರ ಕೃತಿಯಲ್ಲಿ ದುಃಖಕ್ಕೆ ಸುಲಭದ ಸಮಾಧಾನ ಹಚ್ಚದಿರುವುದು ಆಕಸ್ಮಿಕವಲ್ಲ, ಮತ್ತು ಆ ಧಾರಾವಾಹಿ ಮರುನೋಟವನ್ನು ತಡೆದುಕೊಳ್ಳುವುದಕ್ಕೂ ಅದೇ ಕಾರಣ.

ಇಷ್ಟರವರೆಗಿನ ಮಾತು ಪ್ರೇಕ್ಷಣವನ್ನು, ಎಂದರೆ ಪ್ರೇಕ್ಷಕನ ನೋಟವನ್ನು ಕುರಿತದ್ದು. ಆದರೆ ಪರದೆಯ ಮುಂದೆ ಇನ್ನೊಂದು ಬಗೆಯ ನೋಟವೂ ನಡೆದಿದೆ. ರಮಾನಂದ ಸಾಗರರ 'ರಾಮಾಯಣ' 1987ರ ಜನವರಿ 25ರಂದು ಆರಂಭವಾದಾಗ ದೇಶದ ಎಷ್ಟೋ ಮನೆಗಳಲ್ಲಿ ಜನ ಮಿಂದು, ಟಿ.ವಿ.ಗೆ ಹೂವೇರಿಸಿ, ಊದುಬತ್ತಿ ಹಚ್ಚಿ ಕುಳಿತರು. ಹಿಂದಿ ತಿಳಿಯದ ಹಳ್ಳಿಗರೂ ಅದನ್ನು ತಪ್ಪದೆ ನೋಡಿದರು. ಕಥೆ ಗೊತ್ತಿತ್ತು, ಕುತೂಹಲದ ಹಂಗಿರಲಿಲ್ಲ, ಬೇಕಾಗಿದ್ದದ್ದು ದರ್ಶನ. ದರ್ಶನವೆಂದರೆ ಭಕ್ತನು ದೇವರನ್ನು ನೋಡುವುದು ಮಾತ್ರವಲ್ಲ, ದೇವರ ಕಣ್ಣಿಗೆ ತಾನು ಬೀಳುವುದೂ ಹೌದು. ಆಗಮಗಳ ಪ್ರಕಾರ ಪ್ರಾಣಪ್ರತಿಷ್ಠೆ ಆಗುವವರೆಗೆ ವಿಗ್ರಹವು ಶಿಲ್ಪ ಮಾತ್ರ. ಆವಾಹನೆಯಿಂದ ದೈವ ಬರುತ್ತದೆ, ವಿಸರ್ಜನೆಯಿಂದ ಹೊರಡುತ್ತದೆ. ಭಾನುವಾರದ ಒಂಬತ್ತೂವರೆಯ ಪ್ರಸಾರಕ್ಕೆ ತಿಳಿದೋ ತಿಳಿಯದೆಯೋ ಆವಾಹನೆ, ವಿಸರ್ಜನೆಗಳ ಲಯವಿತ್ತು. ಅದೇ ರಾಮಾಯಣ ಸಿ.ಡಿ.ಗಳಾಗಿ ಕಪಾಟು ಸೇರಿದ ಮೇಲೆ, ಬೇಕೆಂದಾಗ ರಾಮನನ್ನು ಕರೆದು, ಫೋನು ಬಂದರೆ ಅಲ್ಲೇ ನಿಲ್ಲಿಸಬಹುದಾದ ಮೇಲೆ, ಹೂವೇರಿಸುವವರು ಉಳಿಯಲಿಲ್ಲ.

ದರ್ಶನದ ಈ ಲಯ ಊರದೇವತೆಯಲ್ಲಿ ಇನ್ನೂ ಸ್ಪಷ್ಟ. ಮಗ್ಗೆ ಇರುವ ಆಲೂರು ತಾಲ್ಲೂಕಿನದೇ ಆದ ಕೆಂಚಮ್ಮನ ಹೊಸಕೋಟೆಯ ಕೆಂಚಮ್ಮ ಈ ಸೀಮೆಯ ಶಕ್ತಿದೇವತೆ. ಹಾಸನದಲ್ಲಿ ಹುಟ್ಟಿದ ರಾಜಾರಾವ್ ತಮ್ಮ 1938ರ ಇಂಗ್ಲಿಷ್ ಕಾದಂಬರಿ 'ಕಾಂತಾಪುರ'ದಲ್ಲಿ ಊರು ಕಾಯುವ ದೇವಿಗೆ ಇಟ್ಟದ್ದೂ ಕೆಂಚಮ್ಮನ ಹೆಸರನ್ನೇ. ಆ ತಾಯಿಯ ಜಾತ್ರೆಗೆ ಹೊತ್ತಿದೆ, ನೇಮವಿದೆ. ಭಕ್ತರೇ ಅವಳಿದ್ದಲ್ಲಿಗೆ ಹೋಗಬೇಕು. ಅವಳ ಜಾತ್ರೆಯನ್ನು ಮೊಬೈಲಿನಲ್ಲಿ ಹಿಡಿದು ದೂರದ ಊರಿನಲ್ಲಿರುವ ಮಕ್ಕಳಿಗೆ ಕಳಿಸಿದರೆ ಅವರು ಕೈ ಮುಗಿಯುವುದು ಸಹಜ, ಆದರೆ ಹರಕೆ ತೀರಿಸಲು ಅವರು ಊರಿಗೇ ಬರಬೇಕು. ಭಕ್ತಿಗೆ ಸನ್ನಿಧಿ ಬೇಕು. ರಸಕ್ಕೆ ಸನ್ನಿಧಿಯ ಅಗತ್ಯ ಅಷ್ಟಿಲ್ಲ. ಧ್ವನಿಮುದ್ರಿತ, ಚಿತ್ರಮುದ್ರಿತ ನಾಟಕ ಕಳೆದುಕೊಳ್ಳುವುದು ದರ್ಶನವನ್ನು, ಉಳಿಸಿಕೊಳ್ಳುವುದು ರಸವನ್ನು. ಇವೆರಡನ್ನೂ ಒಂದೆಂದು ಭಾವಿಸಿದಾಗಲೇ ಪೌರಾಣಿಕ ಧಾರಾವಾಹಿಗಳ ಬಗ್ಗೆ ಅತಿಯಾದ ಹೊಗಳಿಕೆಯೂ ಅತಿಯಾದ ತಿರಸ್ಕಾರವೂ ಹುಟ್ಟುತ್ತವೆ.

ಸನ್ನಿಧಿ ಇಲ್ಲದ ನೋಟಕ್ಕೆ ಕನ್ನಡದ ಆದಿಕವಿಯೇ ಒಂದು ಕನ್ನಡಿ ಹಿಡಿದಿದ್ದಾನೆ. ಜಿನಸೇನಾಚಾರ್ಯರ ಸಂಸ್ಕೃತ ಪುರಾಣವನ್ನು ಅನುಸರಿಸಿ ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿ, ಭೋಗದಲ್ಲಿ ಮುಳುಗಿದ ಋಷಭದೇವನಿಗೆ ವೈರಾಗ್ಯ ಹುಟ್ಟಿಸಲೆಂದು ಇಂದ್ರನು ಆಯುಸ್ಸು ತೀರುತ್ತಿರುವ ನೀಲಾಂಜನೆಯೆಂಬ ನರ್ತಕಿಯನ್ನು ಆಸ್ಥಾನದಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಅದೇ ಕ್ಷಣಕ್ಕೆ ಅವಳಂಥದೇ ಇನ್ನೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆ ಏನನ್ನೂ ಅರಿಯದೆ ನೋಡುತ್ತಲೇ ಇರುತ್ತದೆ. ಋಷಭನೊಬ್ಬನಿಗೆ ತಿಳಿಯುತ್ತದೆ, ಎದ್ದು ರಾಜ್ಯವನ್ನು ತೊರೆಯುತ್ತಾನೆ. ಆ ಋಷಭನ ಮಗ ಬಾಹುಬಲಿ ಇದೇ ಜಿಲ್ಲೆಯ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿದ್ದಾನೆ.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು, 'ಮಾಲ್ಗುಡಿ'ಯ ಸ್ವಾಮಿಯ ತಾಯಿಯಾಗಿ ನಟಿಸಿದ ವೈಶಾಲಿ ಕಾಸರವಳ್ಳಿ 2010ರಲ್ಲಿ, ತಂದೆಯಾಗಿ ನಟಿಸಿದ ಗಿರೀಶ ಕಾರ್ನಾಡ್ 2019ರಲ್ಲಿ. ಆದರೂ ನೀಲಾಂಜನೆಯ ಸಭೆಯಲ್ಲಿದ್ದಂತೆ ಪರದೆಯ ಮೇಲೆ ಕುಣಿತ ನಿಂತಿಲ್ಲ. ತಂದೆ ಇಂದಿಗೂ ಪತ್ರಿಕೆ ಮಡಿಸಿಟ್ಟು ಮಗನ ಧೈರ್ಯವನ್ನು ಪ್ರಶ್ನಿಸುತ್ತಾರೆ. ಮೊದಲ ನೋಟದಲ್ಲಿ ಪ್ರೇಕ್ಷಕರು ನೀಲಾಂಜನೆಯ ಸಭೆಯಂತೆ ಇರುತ್ತಾರೆ, ಹಾಗಿರುವುದೇ ರಸಕ್ಕೆ ಸರಿ. ಎರಡನೆಯ ನೋಟದಲ್ಲಿ, ಅದರಲ್ಲೂ ವರ್ಷಗಳು ಕಳೆದ ಮೇಲಿನ ನೋಟದಲ್ಲಿ, ಋಷಭನಿಗೆ ಕಂಡದ್ದು ಅವರಿಗೂ ಕಾಣುತ್ತದೆ. ಆದರೆ ಅವರು ಅವನಂತೆ ಎದ್ದು ಹೋಗುವುದಿಲ್ಲ. ಹೋದವರೆಂದು ತಿಳಿದೂ ಆ ತಂದೆಯ ಮಾತಿಗೆ ನಗುತ್ತಾರೆ, ಪಕ್ಕದಲ್ಲಿ ಕುಳಿತ ಮಕ್ಕಳಿಗೆ ಇವರು ಯಾರೆಂದು ಹೇಳುತ್ತಾರೆ. ಮಕ್ಕಳಿಗೆ ಅದು ಮೊದಲ ನೋಟ. ಕಚೇರಿ ಕೋಣೆಯ ಕತ್ತಲಲ್ಲಿ ಬಂದವನು ಕಳ್ಳನೋ ದೆವ್ವವೋ ಎಂದು ಅವರಿನ್ನೂ ಉಸಿರು ಬಿಗಿಹಿಡಿದಿರುತ್ತಾರೆ.